ಪಂಪಿನಂಗಡಿಯವನು ಜೌಗು ಒಣಗಿಸಲು ಹೊರಟಿದ್ದು

ಸಾಗರದ ಪೇಟೆಯಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿಯಿದೆ. ಬಾವಿಯ ಪಂಪು, ಬೋರಿನ ಪಂಪು, ಹೊಳೆಗೆ ಇಡುವ ಪಂಪು, ಕೊನೆಗೆ ಗಾಜಿನ ತೊಟ್ಟಿಯ ಮೀನಿಗೆ ಗುಳ್ಳೆ ಬಿಡುವ ಪುಟಾಣಿ ಪಂಪಿನವರೆಗೆ ಎಲ್ಲವೂ ನನ್ನಲ್ಲಿ ಸಿಗುತ್ತದೆ. ನೀರನ್ನು ಇರುವಲ್ಲಿಂದ ಎಬ್ಬಿಸಿ ಇಲ್ಲದಲ್ಲಿಗೆ ಕಳಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹೀಗಾಗಿ ನೀರಿನ ವಿಷಯದಲ್ಲಿ ಈ ತಾಲ್ಲೂಕಿನಲ್ಲಿ ಯಾರೂ ನನಗೆ ಬುದ್ಧಿ ಹೇಳಬೇಕಾಗಿಲ್ಲ ಎಂಬ ದೃಢವಾದ ಅಭಿಪ್ರಾಯವಿತ್ತು. ಆ ಅಭಿಪ್ರಾಯ ಇದ್ದದ್ದು ನನಗೊಬ್ಬನಿಗೇ ಎಂದು ಆಮೇಲೆ ತಿಳಿಯಿತು.

ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ನಾವು ಮೂರು ಜನ. ನಾನು, ಹೆಂಡತಿ ತ್ರಿಶಲಾ, ನನ್ನ ಅಮ್ಮ. ತ್ರಿಶಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ಪ್ರಶ್ನೆ ಕೇಳಿದರೆ ಉತ್ತರ ಅವಳಿಗೆ ಮೊದಲೇ ಗೊತ್ತಿದೆ ಎಂದೇ ಅರ್ಥ. ಇನ್ನು ಅಮ್ಮ. ನಮ್ಮದು ಜೈನರ ಮನೆ. ಅಮ್ಮ ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವಳಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಅದು ಮುಗಿಯುವವರೆಗೆ ನಿಂತು, ಮುಗಿಯದಿದ್ದರೆ ಸುತ್ತು ಹಾಕಿ ಹೋಗುವವಳು. ಅವಳ ಜೊತೆ ಬಸ್‌ಸ್ಟ್ಯಾಂಡಿಗೆ ಹೊರಟರೆ ಬಸ್ಸು ಸಿಗುವುದು ಇರುವೆಗಳ ಮರ್ಜಿ.

ಸ್ವಂತ ಮನೆ ಕಟ್ಟಬೇಕೆಂದು ಜಾಗ ನೋಡಿದ್ದು ಯುಗಾದಿಯ ಆಸುಪಾಸಿನಲ್ಲಿ. ಇಕ್ಕೇರಿ ರಸ್ತೆಯಲ್ಲಿ, ಪೇಟೆಯಿಂದ ತುಸು ಆಚೆ, ಒಂದು ಸಣ್ಣ ಕೆರೆಯ ಮಗ್ಗುಲಿಗೆ. ಹಿಂಭಾಗದಲ್ಲಿ ಜಂಬಿಟ್ಟಿಗೆಯ ಗಟ್ಟಿ ದಿಬ್ಬ. ಮುಂದೆ, ರಸ್ತೆಯ ಕಡೆಗೆ, ಅಗಲವಾದ ತಗ್ಗು. ಸುತ್ತಲಿನ ಗದ್ದೆಯೆಲ್ಲ ಒಣಗಿ ಬಿರುಕು ಬಿಟ್ಟಿದ್ದರೂ ಆ ತಗ್ಗಿನಲ್ಲಿ ಸೊಂಟದೆತ್ತರ ಹಸಿರು ಹುಲ್ಲು. ಅಂಚಿನಲ್ಲಿ ಕೇದಿಗೆಯ ಮೆಳೆ. ಅಲ್ಲಲ್ಲಿ ಬೆಳ್ಳಕ್ಕಿಗಳು ಧ್ಯಾನಕ್ಕೆ ನಿಂತಿದ್ದವು.

"ಬಿರುಬೇಸಿಗೇಲೂ ಏನು ಹಸಿರು! ಜಾಗದ ಕಳೆ ನೋಡೇ!" ಎಂದೆ.

"ಸುತ್ತ ಎಲ್ಲಾ ಒಣಗಿದೆಯಲ್ರೀ. ಇಲ್ಲಿ ಮಾತ್ರ ಯಾಕೆ ಹಸಿರು?" ಎಂದು ತ್ರಿಶಲಾ ಕೇಳಿದಳು.

"ಪುಣ್ಯಭೂಮಿ ಕಣೆ."

ಬೇಸಿಗೆಯಲ್ಲಿ ಹಸಿರಾಗಿರುವ ನೆಲದ ಕೆಳಗೆ ಇರುವುದು ಪುಣ್ಯವಲ್ಲ, ನೀರು. ಈ ಸಾಮಾನ್ಯ ಜ್ಞಾನ ಬೇರೆ ಯಾರಿಗಿಲ್ಲದಿದ್ದರೂ ಪಂಪು ಮಾರುವವನಿಗೆ ಇರಬೇಕಿತ್ತು!

"ಮನೆ ದಿಬ್ಬದ ಮೇಲೆ ಕಟ್ಟೋಣ, ತಗ್ಗು ಹಾಗೇ ಇರಲಿ" ಎಂದಳು ಅವಳು. ನಾನು ಒಪ್ಪಲಿಲ್ಲ. ದಿಬ್ಬದ ಮೇಲೆ ಕಟ್ಟಿದರೆ ರಸ್ತೆಯಲ್ಲಿ ಹೋಗುವವರಿಗೆ ಮನೆ ಕಾಣುವುದಿಲ್ಲ. ಕಾಣದ ಮನೆಯನ್ನು ಯಾರಾದರೂ ಕಟ್ಟುತ್ತಾರೆಯೇ?

ಆ ಜಾಗದ ಪಕ್ಕದ ಮನೆಯ ಸರಸ್ವತಕ್ಕ ಅವತ್ತೇ ಬೇಲಿಯ ಹತ್ತಿರ ಬಂದು ನಿಂತರು. ಎರಡು ಎಮ್ಮೆ, ಒಂದು ಕರು, ಮತ್ತು ಕೆರೆಯ ಆಚೆ ದಡಕ್ಕೂ ಕೇಳುವ ಧ್ವನಿ, ಇಷ್ಟರ ಒಡತಿ. ಮಗಳು ಮದುವೆಯಾಗಿ ತೀರ್ಥಹಳ್ಳಿ ಸೇರಿದ ಮೇಲೆ ಈಕೆ ಎಮ್ಮೆಗಳೊಂದಿಗೇ ಮಾತಾಡಿಕೊಂಡು ಸುಖವಾಗಿದ್ದರು.

"ಧರಣೇಂದ್ರಣ್ಣ, ಅಲ್ಲಿ ಮನೆ ಕಟ್ತೀರಾ? ಅದು ಜೌಗು ಮಾರಾಯ್ರೆ. ಕೆರೆ ಕೋಡಿ ಬಿದ್ರೆ ನೀರು ಅಲ್ಲೇ ಇಳಿದು, ನಿಂತು, ರಸ್ತೆ ಮೋರೀಲಿ ಆಚೆ ಹೋಗೋದು. ನಮ್ಮ ಎಮ್ಮೆ ಒಂದ್ಸಲ ಅದ್ರಲ್ಲಿ ಹೊಟ್ಟೆವರೆಗೂ ಹೂತು ಹೋಗಿತ್ತು!"

ನಾನು ಗಂಭೀರವಾಗಿ ಉತ್ತರಿಸಿದೆ. "ಎಮ್ಮೆ ಹತ್ರ ಪಂಪ್ ಇರ್ಲಿಲ್ಲ, ಸರಸ್ವತಕ್ಕ."

ಸರಸ್ವತಕ್ಕ ನನ್ನನ್ನೊಮ್ಮೆ ನೋಡಿದರು. ಎಮ್ಮೆಯನ್ನೊಮ್ಮೆ ನೋಡಿದರು. ಎಮ್ಮೆಯ ಬಗ್ಗೆ ಅವರ ಗೌರವ ಹೆಚ್ಚಿದಂತೆ ಕಂಡಿತು.

ತಗ್ಗು ತುಂಬಿಸುವ ಮಹಾಕಾರ್ಯ ಒಂದು ಸೋಮವಾರ ಆರಂಭವಾಯಿತು. ಮೊದಲ ಟಿಪ್ಪರು ಕೆಮ್ಮಣ್ಣು ಹೊತ್ತು ಬಂತು. "ಹಿಂದೆ ಬಾ, ಹಿಂದೆ ಬಾ, ಇನ್ನೂ ಹಿಂದೆ!" ಎಂದು ಕೈಬೀಸಿ ಕರೆದವನು ಸಾಕ್ಷಾತ್ ನಾನೇ. ಟಿಪ್ಪರು ವಿಧೇಯತೆಯಿಂದ ಹಿಂದೆ ಬಂತು. ಆಮೇಲೆ ಕೆಳಗೂ ಹೋಯಿತು. ಹಿಂದಿನ ಗಾಲಿಗಳು ಹುಲ್ಲಿನೊಳಗೆ ಮಾಯವಾಗಿ, ಮುಂದಿನ ಗಾಲಿಗಳು ಆಕಾಶ ನೋಡತೊಡಗಿದವು. ಅದನ್ನು ಎಳೆಯಲು ಟ್ರ್ಯಾಕ್ಟರ್ ತರಿಸಿದೆ. ಅದೂ ಹೂತಿತು! ಟ್ರ್ಯಾಕ್ಟರನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬಂತು. ಅದರ ಡ್ರೈವರ್ ಮಾತ್ರ ಬುದ್ಧಿವಂತ. ರಸ್ತೆ ಬಿಟ್ಟು ಇಳಿಯಲೇ ಇಲ್ಲ, ಹಗ್ಗ ಎಸೆದ. ಸಂಜೆಯ ಹೊತ್ತಿಗೆ ಇಕ್ಕೇರಿ ದೇವಸ್ಥಾನ ನೋಡಲು ಬಂದ ಎರಡು ವ್ಯಾನಿನ ಪ್ರವಾಸಿಗಳು ನನ್ನ ಸೈಟಿನ ಮುಂದೆ ಇಳಿದು ಫೋಟೋ ತೆಗೆದುಕೊಂಡರು. ಮನೆ ರಸ್ತೆಗೆ ಕಾಣಬೇಕೆಂಬ ನನ್ನ ಆಸೆ ಮನೆಗಿಂತ ಮುಂಚೆಯೇ ಈಡೇರಿತ್ತು.

ಆಮೇಲೆ ಬಂದ ಟಿಪ್ಪರುಗಳು ರಸ್ತೆಯ ಅಂಚಿನಲ್ಲೇ ನಿಂತು ಮಣ್ಣು ಸುರಿದವು, ಆಳುಗಳು ಗುದ್ದಲಿಯಲ್ಲಿ ಎಳೆದು ಹರವಿದರು. ತಗ್ಗಿನ ಮುಂದಿನ ಅರ್ಧ ಕೆಂಪಾಯಿತು. ಕೇದಿಗೆಯ ಮೆಳೆ ಕಡಿಸಿದೆ. ಅದರೊಳಗಿಂದ ಹುಂಡುಕೋಳಿಯೊಂದು 'ಕ್ವಾಕ್' ಎಂದು ಬೈದು, ಬಿಳಿಯ ಎದೆ ಉಬ್ಬಿಸಿಕೊಂಡು ಓಡಿತು.

ಅಮ್ಮ ನೋಡಿದಳು. "ಅದು ಎಲ್ಲಿಗೆ ಹೋಗ್ತದೆ ಮಗಾ?"

"ಹಕ್ಕಿ ಅಲ್ವೇನಮ್ಮ, ರೆಕ್ಕೆ ಇದೆ. ಎಲ್ಲಾದ್ರೂ ಹೋಗ್ತದೆ."

ಅಮ್ಮ ಹಕ್ಕಿ ಓಡಿದ ದಿಕ್ಕನ್ನೇ ನೋಡುತ್ತಾ ನಿಂತಳು. ನಮ್ಮಮ್ಮ ಹೀಗೆ ನಿಂತರೆ ಅದು ಒಪ್ಪಿಗೆಯಲ್ಲ ಎಂಬುದು ಇಷ್ಟು ವರ್ಷದಲ್ಲಿ ನನಗೆ ತಿಳಿದಿರಬೇಕಿತ್ತು.

ಪಿಲ್ಲರಿಗೆ ಗುಂಡಿ ತೋಡಿಸಿದಾಗ ನೀರು ಬಂತು. ಗುಂಡಿಯ ಅಡಿಯಿಂದ, ಪಕ್ಕದಿಂದ, ಮೂಲೆಯಿಂದ ಬುಳುಬುಳು ಎಂದು ಬಂತು. ಮೇಸ್ತ್ರಿ ಪರಶುರಾಮ ತಲೆ ಕೆರೆದುಕೊಂಡ. ನನಗೆ ಮಾತ್ರ ಒಳಗೊಳಗೇ ಸಂತೋಷ! ಇಂಥ ಗಳಿಗೆಗಾಗಿಯೇ ಅಲ್ಲವೇ ನಾನು ಹುಟ್ಟಿದ್ದು? ಅಂಗಡಿಯಿಂದ ಅತ್ಯಂತ ದೊಡ್ಡ ಪಂಪನ್ನು ತರಿಸಿ, ಹೂವಿನ ಹಾರ ಹಾಕಿ, ಸ್ವಿಚ್ಚು ಒತ್ತಿದೆ. ನೀರು ಪೈಪಿನಲ್ಲಿ ಭೋರ್ಗರೆದು ತಗ್ಗಿನ ಉಳಿದ ಅರ್ಧಕ್ಕೆ ಬಿತ್ತು. ಗುಂಡಿಗಳು ಇಳಿದವು. ನಾನು ಮೀಸೆ ತಿರುವಿ ಊಟಕ್ಕೆ ಹೋದೆ. ಬಂದು ನೋಡಿದರೆ ಗುಂಡಿ ಪುನಃ ತುಂಬಿದೆ. ಪಂಪು ಓಡುತ್ತಲೇ ಇದೆ! ಮತ್ತೊಂದು ಪಂಪು ತರಿಸಿದೆ. ಗುಂಡಿ ಇಳಿಯಿತು, ತುಂಬಿತು, ಇಳಿಯಿತು, ತುಂಬಿತು.

ಸರಸ್ವತಕ್ಕ ಬೇಲಿಯ ಮೇಲೆ ಮೊಣಕೈ ಊರಿ ಬಹಳ ಹೊತ್ತು ನೋಡಿದರು.

"ಧರಣೇಂದ್ರಣ್ಣ, ಒಂದು ಮಾತು ಕೇಳ್ಲಾ? ನೀವು ಇಲ್ಲಿಂದ ತೆಗೆದು ಅಲ್ಲಿ ಬಿಡ್ತಿದೀರಿ. ಅದು ಅಲ್ಲಿಂದ ಒಳಗಿಂದೊಳಗೇ ಇಲ್ಲಿಗೆ ಬರ್ತಿದೆ. ಬೆಳಗ್ಗಿಂದ ಅದೇ ನೀರನ್ನ ತಿರುಗಿಸ್ತಾ ಇದೀರಲ್ರೀ!"

ಆಳುಗಳು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಇಡೀ ದಿನ ನನ್ನ ಎರಡು ಪಂಪುಗಳು ಒಂದೇ ನೀರಿಗೆ ಪ್ರದಕ್ಷಿಣೆ ಮಾಡಿಸಿದ್ದವು.

ಅಷ್ಟರಲ್ಲಿ ಬೇಸಿಗೆಯ ಕೊನೆಯ ಗುಡುಗುಮಳೆಗಳು ಬಂದವು. ಕಾಂಕ್ರೀಟು ಹಾಕುವುದಕ್ಕೆ ಒಳ್ಳೆಯ ದಿನ ನೋಡಿ ಗೊತ್ತು ಮಾಡುವ ಹೊತ್ತಿಗೆ ಒಂದೆರಡು ವಾರ ಕಳೆದವು. ನಿಗದಿಯಾದ ದಿನ ಬೆಳಿಗ್ಗೆ ಹೊಸ ಪಂಚೆ ಉಟ್ಟು, ಅಮ್ಮ ಮತ್ತು ತ್ರಿಶಲಾರನ್ನು ಕರೆದುಕೊಂಡು ಹೋದೆ. ಪೂಜೆಯಾಯಿತು. ಜಲ್ಲಿ, ಮರಳು, ಸಿಮೆಂಟು ಹಾಕಿಕೊಂಡು ಮಿಕ್ಸರು ಗಡಗಡ ತಿರುಗುತ್ತಿತ್ತು. ಗುಂಡಿಯ ನೀರು ತೆಗೆಯಲು ಪಂಪು ಹಚ್ಚಿದ ಪರಶುರಾಮ ಸ್ವಲ್ಪ ಹೊತ್ತಿಗೆ ಕೂಗಿದ.

"ಸಾರ್, ಪಂಪ್ ನೀರು ಎಳೀತಿಲ್ಲ! ಜಾಲರಿಗೆ ಏನೋ ಕಟ್ಟಿದೆ!"

ಬಗ್ಗಿ ನೋಡಿದೆ. ಗುಂಡಿಯಲ್ಲಿ ಗೇಣಷ್ಟು ನೀರು ಉಳಿದಿತ್ತು. ಅದರಲ್ಲಿ, ಪಂಪಿನ ಜಾಲರಿಯ ಸುತ್ತ, ಕಪ್ಪಗೆ ಏನೋ ಮಿಸುಕಾಡುತ್ತಿತ್ತು. ನನ್ನ ಹೆಗಲ ಮೇಲಿಂದ ಅಮ್ಮನೂ ಬಗ್ಗಿದಳು.

"ಏನದು?"

"ಏನಿಲ್ಲಮ್ಮ, ಕಸ."

"ಕಸಕ್ಕೆ ಬಾಲ ಇರ್ತದಾ?"

ಗೊದಮೊಟ್ಟೆಗಳು! ಮೊದಲ ಮಳೆಗೆ ಕೆರೆಯ ಸುತ್ತಲಿನ ಕಪ್ಪೆಗಳೆಲ್ಲ ಬಂದು ನನ್ನ ಗುಂಡಿಗಳಲ್ಲಿ ಸಂಸಾರ ಹೂಡಿದ್ದವು. ಪಿಲ್ಲರಿಗೊಂದು ಗುಂಡಿ, ಗುಂಡಿಗೊಂದು ಬಾಲವಾಡಿ. ಅಮ್ಮ ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿನಲ್ಲಿ ಕೂತೇಬಿಟ್ಟಳು.

"ಪಂಪ್ ನಿಲ್ಸು. ಇವು ಅಷ್ಟೂ ಆಚೆ ಹೋಗೋ ತನಕ ಇಲ್ಲಿ ಒಂದು ಬಾಣಲಿ ಕಾಂಕ್ರೀಟ್ ಬೀಳಬಾರದು. ಬಿದ್ರೆ ಆ ಮನೇಲಿ ನಾನು ನೀರೂ ಕುಡಿಯಲ್ಲ."

"ಅಮ್ಮಾ, ಮಾಲು ಕಲಸಿ ಆಗಿದೆ, ಗಟ್ಟಿ ಆಗ್ತದೆ!" ಎಂದು ಪರಶುರಾಮ ಗೋಗರೆದ.

"ಆಗ್ಲಿ. ಅದಕ್ಕೆ ಜೀವ ಇಲ್ಲ."

ಮುಂದಿನ ದೃಶ್ಯವನ್ನು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ. ತ್ರಿಶಲಾ ಸರಸ್ವತಕ್ಕನ ಮನೆಗೆ ಓಡಿ ಟೀ ಸೋಸುವ ಜಾಲರಿ, ಹಿಟ್ಟಿನ ಜರಡಿ, ಹಳೆಯ ಸೊಳ್ಳೆಪರದೆ, ಬಕೆಟ್ಟುಗಳನ್ನು ತಂದಳು. ಸರಸ್ವತಕ್ಕನೂ ಬಂದರು. ಕರೆಯದಿದ್ದರೂ ಬಂದರು, ಇಂಥದ್ದನ್ನು ಬಿಡುವುದುಂಟೇ! ಆಳುಗಳು ಒಂದೊಂದು ಗುಂಡಿಗೆ ಇಳಿದರು. ಯಜಮಾನನಾಗಿ ಮಾದರಿಯಾಗಿರಬೇಕೆಂದು ನಾನೂ ಟೀ ಜಾಲರಿ ಹಿಡಿದು ಇಳಿಯಲು ಹೋದೆ. ಇಳಿದೆ ಎನ್ನುವುದಕ್ಕಿಂತ ತಲುಪಿದೆ ಎನ್ನುವುದು ಸರಿ. ಕಾಲು ಜಾರಿ, ಹೊಸ ಪಂಚೆಯ ಸಮೇತ, ಕೆಸರಿನಲ್ಲಿ ಪದ್ಮಾಸನ ಹಾಕಿ ಕೂತೆ.

"ಅಲ್ಲಾಡಬೇಡ! ನಿನ್ನ ಕೆಳಗೂ ಇರ್ತವೆ!" ಎಂದು ಅಮ್ಮ ಮೇಲಿನಿಂದ ಕಿರುಚಿದಳು.

ಮಗನ ಸೊಂಟದ ಬಗ್ಗೆ ಒಂದು ಮಾತಿಲ್ಲ!

ಬಕೆಟ್ಟುಗಳು ತುಂಬಿದವು. ಕೆರೆಗೆ ಸುರಿಯಲು ಆಳುಗಳು ಹೊರಟಾಗ ತ್ರಿಶಲಾ ಅಡ್ಡ ನಿಂತಳು.

"ಕೆರೇಲಿ ಮೀನಿದೆ. ಬಿಟ್ಟ ತಕ್ಷಣ ತಿಂದು ಮುಗಿಸ್ತವೆ. ಮೀನಿರದ ತೆಳು ನೀರು ಬೇಕು ಇವಕ್ಕೆ. ಹುಲ್ಲಿರಬೇಕು, ನೆರಳಿರಬೇಕು."

"ಅಂಥದ್ದನ್ನ ನಾನೀಗ ಎಲ್ಲಿಂದ ತರ್ಲಿ?" ಎಂದು ಕೆಸರು ಒರೆಸಿಕೊಳ್ಳುತ್ತಾ ಕೇಳಿದೆ.

ಮೂವರು ಹೆಂಗಸರೂ ಏಕಕಾಲಕ್ಕೆ ಒಂದೇ ಕಡೆ ನೋಡಿದರು. ತಗ್ಗಿನ ಉಳಿದ ಅರ್ಧ! ಮುಂದಿನ ವಾರ ಮಣ್ಣು ಹೊಡೆಸಬೇಕೆಂದು ನಾನು ಟಿಪ್ಪರಿನವನಿಗೆ ಹೇಳಿಟ್ಟಿದ್ದ ಜಾಗ.

ಒಂದೊಂದೇ ಬಕೆಟ್ಟನ್ನು ಅಲ್ಲಿ ಹುಲ್ಲಿನ ಬುಡಕ್ಕೆ ಮೆಲ್ಲಗೆ ಬಗ್ಗಿಸಿದೆವು. ಅಮ್ಮ ಖಾಲಿ ಬಕೆಟ್ಟಿನೊಳಗೂ ಇಣುಕಿ, ಅಂಟಿಕೊಂಡಿದ್ದ ಒಂದನ್ನು ಬೊಗಸೆ ನೀರು ಹಾಕಿ ಇಳಿಸಿದಳು. ಆಮೇಲೆ ಮೆತ್ತಗೆ ಹೇಳಿದಳು. "ಇದು ಇವರ ಮನೆ ಮಗಾ. ನೀನು ಒಂದು ಮಾತೂ ಕೇಳ್ದೆ ಬಂದು ಕೂತಿದೀಯ."

ಅಷ್ಟು ಹೊತ್ತಿಗೆ ಕಲಸಿದ ಕಾಂಕ್ರೀಟು ನೆಲದ ಮೇಲೆ ಗುಡ್ಡೆಯಾಗಿ ಬಿದ್ದು, ನನ್ನ ಕಣ್ಣೆದುರೇ ಕಲ್ಲಾಯಿತು. ಮನೆಗೆಂದು ನಾನು ಕಟ್ಟಿಸಿದ ಮೊದಲ ಭಾಗ ಅದು. ಯಾವ ಗೋಡೆಗೂ ಬೇಡದ, ಯಾರಿಂದಲೂ ಒಡೆಯಲಾಗದ ಒಂದು ಬಂಡೆ!

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಆದರೆ ನಾನು, ಉಳಿದ ಅರ್ಧ ಕಪ್ಪೆಗಿರಲಿ, ಮಣ್ಣು ಹಾಕಿದ ಅರ್ಧ ನನಗಿರಲಿ, ನ್ಯಾಯವಾಗಿ ಪಾಲಾಯಿತು ಎಂದು ಸಮಾಧಾನ ಮಾಡಿಕೊಂಡೆ. ಮುಂಗಾರು ಹಿಡಿದದ್ದರಿಂದ ಕೆಲಸ ನಿಂತಿತು. ಮಳೆ ಜೋರಾಯಿತು. ನಾನು ಅಂಗಡಿಯಲ್ಲಿ ಬೆಚ್ಚಗೆ ಕೂತೆ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಇಳಿದು ಬಂದರೆ ಶಟರಿನ ಎದುರು ಎರಡು ಎಮ್ಮೆಗಳು ನಿಂತಿವೆ. ಪಕ್ಕದಲ್ಲಿ ಕರು. ಅದರ ಪಕ್ಕ ಕಂಬಳಿಕೊಪ್ಪೆ ಹೊದ್ದ ಸರಸ್ವತಕ್ಕ. ಒಂದು ಎಮ್ಮೆಯ ಹಗ್ಗವನ್ನು ನನ್ನ ಬೋರ್ಡಿನ ಕಂಬಕ್ಕೆ ಕಟ್ಟಿ, ಇನ್ನೊಂದರದ್ದನ್ನು ಎಲ್ಲಿ ಕಟ್ಟಲಿ ಎಂದು ಹುಡುಕುತ್ತಿದ್ದರು.

"ಇದೇನು ಸರಸ್ವತಕ್ಕ!"

"ನೀವು ಮೋರಿ ಬಾಯಿ ಮೇಲೇ ಮಣ್ಣು ಸುರಿದ್ರಲ್ಲ? ಕೋಡಿ ಬಿದ್ದ ನೀರು ಹೋಗ್ಲಿಕ್ಕೆ ದಾರಿ ಇಲ್ದೆ ನಮ್ಮ ಕೊಟ್ಟಿಗೆಗೆ ನುಗ್ಗಿದೆ. ಕರು ರಾತ್ರಿಯೆಲ್ಲಾ ನೀರಲ್ಲಿ ನಿಂತಿದೆ. ಹುಲ್ಲೆಲ್ಲಾ ನೆಂದು ಹೋಯ್ತು. ನಿಮ್ಮ ಜಾಗದ ನೀರು ನಮ್ಮ ಕೊಟ್ಟಿಗೇಲಿರ್ಲಿ. ನಮ್ಮ ಎಮ್ಮೆ ನಿಮ್ಮ ಅಂಗಡೀಲಿರ್ಲಿ. ಸರಿ ಆಯ್ತಲ್ಲ?"

ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಶಟರು ಎತ್ತಿದ್ದೇ ತಡ, ಇನ್ನೂ ಕಟ್ಟದ ದೊಡ್ಡ ಎಮ್ಮೆ ಒಳಗೆ ಬಂದು ಕೌಂಟರಿನ ಮೇಲೆ ತಲೆಯಿಟ್ಟಿತು. ಮಳೆಗೆ ನೆನೆದು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ನನ್ನನ್ನೂ ಎಮ್ಮೆಯನ್ನೂ ನೋಡಿ, "ಆಮೇಲೆ ಬರ್ತೀನಿ, ಮೊದಲು ಅವರದ್ದು ಮುಗಿಸಿ" ಎಂದು ಹೊರಟುಹೋದ.

ನಗು ಬರಬೇಕಿತ್ತು, ಬರಲಿಲ್ಲ. ಕರು ನಡುಗುತ್ತಿತ್ತು. ಅದರ ಗೊರಸಿನ ಮೇಲೆಲ್ಲ ನನ್ನ ಕೆಮ್ಮಣ್ಣು ಅಂಟಿತ್ತು. ಯಾವತ್ತೂ ಮಾತು ನಿಲ್ಲಿಸದ ಸರಸ್ವತಕ್ಕ ಅಷ್ಟು ಹೇಳಿ ಮುಗಿಸಿ, ಕಂಬಳಿಯ ಅಂಚಿನಿಂದ ಅದರ ಬೆನ್ನು ಒರೆಸತೊಡಗಿದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗೋಣಿಚೀಲ ತಂದು ಕರುವಿಗೆ ಹೊದಿಸಿದೆ. ಅಮ್ಮ ಕೆಳಗಿಳಿದು ಬಂದು ಎಮ್ಮೆಗಳ ಉಸ್ತುವಾರಿ ವಹಿಸಿಕೊಂಡಳು. ಪರಶುರಾಮನಿಗೆ ಫೋನು ಮಾಡಿ, ಸಿಕ್ಕಷ್ಟು ಆಳುಗಳನ್ನು ಕರೆದುಕೊಂಡು ನಾನೂ ಸೈಟಿಗೆ ಹೋದೆ. ಮಳೆ ಹೊಡೆಯುತ್ತಿತ್ತು. ಮೋರಿಯ ಬಾಯಿ ಎಲ್ಲಿದೆಯೆಂದು ಮಣ್ಣಿನ ರಾಶಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಾರೆಯಲ್ಲಿ ಚುಚ್ಚಿ ಚುಚ್ಚಿ ಹುಡುಕಿದೆವು. ನನಗೆ ಒಂದು ಕ್ಷಣ ಪಂಪು ತರಿಸೋಣವೇ ಅನ್ನಿಸಿತು. ಬಾಯಿ ಬಿಡಲಿಲ್ಲ. ಕೊನೆಗೆ ಪರಶುರಾಮನ ಹಾರೆ ಟಣ್ ಎಂದು ಕಲ್ಲಿಗೆ ಬಡಿಯಿತು. ಎಲ್ಲರೂ ಸೇರಿ ಅಗೆದೆವು. ಮಣ್ಣು ಸಡಿಲಾಯಿತು. ನೀರು ಮೊದಲು ಬೆರಳಿನಷ್ಟು, ಆಮೇಲೆ ತೊಡೆಯಷ್ಟು, ಆಮೇಲೆ ಗುಡುಗಿನ ಸದ್ದು ಮಾಡುತ್ತಾ ಮೋರಿಯೊಳಗೆ ನುಗ್ಗಿ ಆಚೆ ಹರಿಯಿತು. ಸ್ವಿಚ್ಚಿಲ್ಲ, ಪೈಪಿಲ್ಲ! ಮಧ್ಯಾಹ್ನದ ಹೊತ್ತಿಗೆ ಸರಸ್ವತಕ್ಕನ ಕೊಟ್ಟಿಗೆಯ ನೆಲ ಕಂಡಿತು. ನಾನು ಅಲ್ಲೇ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ನೀರನ್ನು ಮಾರಾಟದ ಸರಕಿನಂತೆ ಅಲ್ಲಿಂದಿಲ್ಲಿಗೆ ಸಾಗಿಸಿದವನಿಗೆ ಅದಕ್ಕೂ ತನ್ನದೇ ಒಂದು ದಾರಿ ಇರುತ್ತದೆ ಎಂದು ಹೊಳೆದದ್ದು ಆ ಕೆಸರಿನಲ್ಲಿ ಕೂತಾಗಲೇ.

ಮಳೆಗಾಲ ಮುಗಿದ ಮೇಲೆ ಸುರಿದ ಮಣ್ಣನ್ನೆಲ್ಲ ಎತ್ತಿಸಿದೆ. ಹಾಕುವುದಕ್ಕಿಂತ ತೆಗೆಯುವುದೇ ಕಷ್ಟ. ಅದೇ ಟಿಪ್ಪರಿನವನು ಅದೇ ಮಣ್ಣು ಹೊತ್ತು ಹೋಗುವಾಗ, "ಸಾರ್, ಮುಂದಿನ ವರ್ಷ ಪುನಃ ತರ್ಬೇಕಾ?" ಎಂದು ಕೇಳಿದ. ಕೇದಿಗೆಯ ಸಸಿ ನಾನೇ ನೆಡುತ್ತೇನೆಂದು ಹಟ ಹಿಡಿದು ಎರಡೂ ಕೈ ಮುಳ್ಳಿನಲ್ಲಿ ಪರಚಿಕೊಂಡೆ. ಸರಸ್ವತಕ್ಕ ಬೇಲಿಯಾಚೆಯಿಂದ, "ಧರಣೇಂದ್ರಣ್ಣ, ತಲೆಕೆಳಗಾಗಿ ನೆಟ್ಟಿದೀರಿ!" ಎಂದು ಕೂಗಿದರು. ಗಾಬರಿಯಿಂದ ಕಿತ್ತು ನೋಡಿದೆ. ಸರಿಯಾಗಿಯೇ ಇತ್ತು. ಅವರು ನಗುತ್ತಾ ಒಳಗೆ ಹೋದರು. ಆ ನಗು ಕೇಳಿ ನನ್ನ ಎದೆಯಿಂದ ದೊಡ್ಡದೊಂದು ಭಾರ ಇಳಿಯಿತು.

ಮನೆ ಹಿಂದಿನ ದಿಬ್ಬದ ಮೇಲೆ ಬಂತು. ದಿಬ್ಬ ಇದ್ದಷ್ಟೇ ಮನೆ. ಮೊದಲ ನಕ್ಷೆಯಲ್ಲಿದ್ದ ಪೋರ್ಟಿಕೋ, ಉಯ್ಯಾಲೆಯ ವರಾಂಡ, ಅತಿಥಿಗಳ ಕೋಣೆ ಎಲ್ಲ ಹೋದವು. ಈಗ ನಮ್ಮ ಹಾಲಿನಲ್ಲಿ ಯಾರಾದರೂ ಕಾಲು ಚಾಚಿದರೆ ಅಡುಗೆಮನೆಯಲ್ಲಿ ಯಾರಾದರೂ ಎಡವುತ್ತಾರೆ. ರಸ್ತೆಯಿಂದ ನೋಡಿದರೆ ಮನೆ ಕಾಣುವುದೇ ಇಲ್ಲ, ಹುಲ್ಲು ಕಾಣುತ್ತದೆ. ಗೃಹಪ್ರವೇಶಕ್ಕೆ ಹೊಸನಗರದಿಂದ ಬಂದ ನನ್ನ ಭಾವ ಮನೆ ಸಿಗದೆ ಇಕ್ಕೇರಿಯವರೆಗೂ ಹೋಗಿ ವಾಪಸು ಬಂದರು.

ಹುಂಡುಕೋಳಿ ಮಾತ್ರ ಬಹಳ ದಿನ ಬರಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು, ಕೇಳಿದರೆ "ಸುಮ್ನೆ" ಎನ್ನುತ್ತಿದ್ದಳು. ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಕಾಫಿ ಕುಡಿಯುತ್ತಿದ್ದ ನನ್ನನ್ನು ಮಾತಾಡದೆ ತೋಳು ಹಿಡಿದು ಎಳೆದೊಯ್ದು ತೋರಿಸಿದಳು. ಹುಲ್ಲಿನ ಸಂದಿಯಲ್ಲಿ ಬಿಳಿಯೆದೆಯ ತಾಯಿ, ಹಿಂದೆ ಮಸಿಯುಂಡೆಗಳಂಥ ಮರಿಗಳು. ಕಾಫಿ ಆರಿಹೋಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಇದರಿಂದ ನನಗೊಂದು ಹೊಸ ರೋಗ ಅಂಟಿಕೊಂಡಿತು. ಉಪದೇಶದ ರೋಗ!

ಮೊನ್ನೆ ಆನಂದಪುರದ ಕಡೆಯ ಒಬ್ಬರು ಅಂಗಡಿಗೆ ಬಂದರು. ತಗ್ಗಿನ ಜಾಗ ತೆಗೆದುಕೊಂಡಿದ್ದಾರಂತೆ, ಮನೆ ಕಟ್ಟಬೇಕಂತೆ, ನೀರು ತೆಗೆಯಲು ಪಂಪು ಬೇಕಂತೆ. ನಾನು ಅವರನ್ನು ಕೂರಿಸಿ, ಟೀ ತರಿಸಿ, ಜೌಗು ಎಂದರೇನು, ಅಲ್ಲಿ ನೀರು ಹೇಗೆ ನೆಲದೊಳಗಿಂದ ಬರುತ್ತದೆ, ಎಷ್ಟು ತೆಗೆದರೂ ಹೇಗೆ ತುಂಬುತ್ತದೆ, ಎಷ್ಟು ಜೀವಗಳು ಅದನ್ನು ನಂಬಿಕೊಂಡಿವೆ ಎಂದು ಕೈ ಬಾಯಿ ಆಡಿಸಿ ವಿವರಿಸಿದೆ. ಅವರು ಕೈಕಟ್ಟಿ ಕೇಳಿದರು. ನಡುನಡುವೆ "ಹೌದಾ! ಅಷ್ಟು ನೀರು ಬರ್ತದಾ!" ಎಂದು ಬೆರಗಾದರು. ಕೊನೆಗೆ ಕೈ ಮುಗಿದು, "ನೀವು ಕಣ್ಣು ತೆರೆಸಿದ್ರಿ" ಎಂದು ಪಂಪು ಕೊಳ್ಳದೆ ಹೊರಟರು.

ವ್ಯಾಪಾರ ಹೋದರೇನಂತೆ, ಒಂದು ಜೌಗು ಉಳಿಯಿತಲ್ಲ! ಅಂದು ಇಡೀ ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ಮಧ್ಯಾಹ್ನ ಮನೆಗೆ ಹೋದಾಗ ಅಮ್ಮನಿಗೂ ತ್ರಿಶಲಾಗೂ ಹೇಳಿದೆ. ಅಮ್ಮ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದಳು.

ಸಂಜೆ ಎದುರಿನ ಪಂಪಿನಂಗಡಿಯ ಗುರುಮೂರ್ತಿ ರಸ್ತೆ ದಾಟಿ ಬಂದು ನನ್ನ ಕೈ ಹಿಡಿದು ಕುಲುಕಿದ.

"ನಿಂಗೆ ಥ್ಯಾಂಕ್ಸ್ ಹೇಳಿ ಹೋಗಣ ಅಂತ ಬಂದೆ ಮಾರಾಯ. ಆನಂದಪುರದವ್ರು ಸೀದಾ ನಿನ್ನ ಅಂಗಡಿಯಿಂದ ನಮ್ಮಲ್ಲಿಗೇ ಬಂದ್ರು. ಒಂದು ಪಂಪ್ ತಗೊಳ್ಳಣ ಅಂತಿದ್ರಂತೆ. ನೀನು ಅಷ್ಟೊಂದು ನೀರು ಬರ್ತದೆ ಅಂತ ವಿವರವಾಗಿ ಹೇಳಿದ ಮೇಲೆ ಒಂದು ಸಾಲಲ್ಲ ಅಂತ ಎರಡು ತಗೊಂಡು ಹೋದ್ರು!"